ಬಿಸಿ ಪೈಪು, ಒಳಗೊಂದು ಲೋಹದ ಪದರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್ ನೋಡಿಕೊಳ್ಳುವವರು, ಹಾಸನ ಮತ್ತು ಚಿಕ್ಕಮಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಘಟ್ಟ ಇಳಿದು ಮಂಗಳೂರಿನ ರಿಫೈನರಿ ಕಡೆ ಕೆಲಸಕ್ಕೆ ಹೋದ ನಮ್ಮೂರ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಮಾಮೂಲಿ ಸ್ಟೀಮ್ ಪೈಪು, ಆಮೇಲೆ ಒಳಗೆ ಬೇರೆ ಲೋಹದ ಪದರ ಇರುವ ಕ್ಲ್ಯಾಡ್ ಪೈಪು, ಕೊನೆಗೆ ಕೋಡ್ (ಪೈಪು ವಿನ್ಯಾಸದ ನಿಯಮಾವಳಿ) ಮತ್ತು ಲೆಕ್ಕ. ಅವಸರ ಇದ್ದವರು ತಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪ್ರಶ್ನೆಗಳು

ಸ್ಟ್ರೆಸ್ ಅನಾಲಿಸಿಸ್ ಅಂದ್ರೆ ಪೈಪು ಪ್ರೆಶರ್ ತಡೆಯುತ್ತಾ ಅಂತ ನೋಡೋದು ತಾನೆ?

ಸ್ಟ್ರೆಸ್ ಅಂದರೆ ಲೋಹದ ಪ್ರತಿ ಚದರ ಮಿ.ಮೀ. ಮೇಲೆ ಬೀಳುವ ಬಲ. ಪ್ರೆಶರ್ ನೋಡುವುದು ಅರ್ಧ ಪುಟದ ಲೆಕ್ಕ. ನಿಜವಾದ ಕೆಲಸ ಶಾಖದ್ದು. ಒಂದು ಉದಾಹರಣೆ ನೋಡಿ. ನಾಲ್ಕಿಂಚಿನ ಸಾಮಾನ್ಯ ಸ್ಟೀಮ್ ಪೈಪು, ಹೊರವ್ಯಾಸ 114.3 ಮಿ.ಮೀ., ಗೋಡೆ ಸುಮಾರು 6 ಮಿ.ಮೀ. ಒಳಗೆ ಚದರ ಸೆಂ.ಮೀ.ಗೆ 10.5 ಕೆ.ಜಿ. ಪ್ರೆಶರ್, ಅಂದರೆ ಸುಮಾರು 1 ಎಂಪಿಎ (ಮೆಗಾಪ್ಯಾಸ್ಕಲ್, ಚದರ ಮಿ.ಮೀ.ಗೆ ಒಂದು ನ್ಯೂಟನ್ ಬಲ). ಪ್ರೆಶರನ್ನು ವ್ಯಾಸದಿಂದ ಗುಣಿಸಿ, ಗೋಡೆ ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಪೈಪಿನ ಸುತ್ತಳತೆಯಲ್ಲಿ ಬರುವ ಸ್ಟ್ರೆಸ್ ಸುಮಾರು 10 ಎಂಪಿಎ. ಏನೇನೂ ಅಲ್ಲ.

ಈಗ ಅದೇ ಪೈಪಿನ ಎರಡೂ ತುದಿ ಕದಲದ ಹಾಗೆ ಹಿಡಿದಿದ್ದೀರಿ ಅಂದುಕೊಳ್ಳಿ. ಆ ಪ್ರೆಶರಿನ ಸ್ಟೀಮ್ ಸುಮಾರು 185 ಡಿಗ್ರಿ ಇರುತ್ತದೆ. ಬೆಳಿಗ್ಗೆ 15 ಡಿಗ್ರಿ ಇದ್ದ ಪೈಪು 170 ಡಿಗ್ರಿ ಏರಿತು. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ, ಅದರ ಬಿಗುವು (ಎಳೆತಕ್ಕೆ ಮಣಿಯದ ಗುಣ, ಯಂಗ್ ಮಾಡ್ಯುಲಸ್) ಸುಮಾರು 2 ಲಕ್ಷ ಎಂಪಿಎ. ಗುಣಿಸಿದರೆ 408 ಎಂಪಿಎ ಬರುತ್ತದೆ. ಪ್ರೆಶರ್ ಕೊಟ್ಟದ್ದು 10, ಶಾಖ ಕೊಟ್ಟದ್ದು 400. ಇಷ್ಟು ಗೊತ್ತಾದರೆ ಈ ವಿದ್ಯೆಯಲ್ಲಿ ಅರ್ಧ ದಾರಿ ಬಂದ ಹಾಗೆ.

ಅಷ್ಟು ಗಟ್ಟಿ ಪೈಪು ನಿಜಕ್ಕೂ ಉದ್ದ ಆಗುತ್ತಾ? ನಮ್ಮ ಕಣ್ಣಿಗೆ ಏನೂ ಕಾಣಲ್ವಲ್ಲ.

ಆಗುತ್ತದೆ. ಮೇಲಿನ ಲೆಕ್ಕದಲ್ಲಿ 12 ಮೀಟರ್ ಪೈಪು ಸುಮಾರು 25 ಮಿ.ಮೀ. ಬೆಳೆಯುತ್ತದೆ. ನೀವೇ ನೋಡಬಹುದು. ಬಾಯ್ಲರ್ ಹಚ್ಚುವ ಮುಂಚೆ, ಆಂಕರಿನಿಂದ (ಪೈಪನ್ನು ಕದಲದಂತೆ ಹಿಡಿದ ಜಾಗ) ದೂರದ ಒಂದು ಸಪೋರ್ಟ್ ಹತ್ತಿರ ಹೋಗಿ. ಪೈಪಿನ ಅಡಿಯ ಶೂ ಬೀಮಿನ ಮೇಲೆ ಎಲ್ಲಿ ಕೂತಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಲೈನು ಪೂರ್ತಿ ಬಿಸಿಯಾದ ಮೇಲೆ ಮತ್ತೆ ನೋಡಿ, ಶೂ ಗೆರೆಯಿಂದ ಎಷ್ಟು ಸರಿದಿದೆ ಅಂತ ಸ್ಕೇಲ್ ಹಿಡಿದು ಅಳೆಯಿರಿ. ಲೆಕ್ಕದಷ್ಟೇ ಸರಿದಿದ್ದರೆ ಒಳ್ಳೆಯದು. ಏನೂ ಸರಿಯದೇ ಇದ್ದರೆ ಎಲ್ಲೋ ಏನೋ ಹಿಡಿದುಕೊಂಡಿದೆ, ಮೊದಲು ಅದನ್ನು ಹುಡುಕಿ.

ಹಳೆಯ ಲೈನಾದರೆ ಗೆರೆಯೂ ಬೇಡ. ಬೀಮಿನ ಮೇಲೆ ಬಣ್ಣ ಉಜ್ಜಿ ಹೋಗಿ ಹೊಳೆಯುವ ಪಟ್ಟಿ ಇರುತ್ತದೆ. ಆ ಪಟ್ಟಿಯ ಉದ್ದವೇ ಪೈಪಿನ ಓಡಾಟದ ಉದ್ದ. ಶೂ ಬೀಮಿನ ಅಂಚಿಗೆ ಬಂದು ನಿಂತಿದ್ದರೆ ಹುಷಾರು. ಒಮ್ಮೆ ಕೆಳಗೆ ಜಾರಿದರೆ, ತಣ್ಣಗಾಗುವಾಗ ಅದು ಬೀಮಿಗೆ ಕೊಕ್ಕೆ ಹಾಕಿ ಎಳೆಯುತ್ತದೆ.

ಎರಡೂ ಕಡೆ ಭದ್ರವಾಗಿ ಕ್ಲ್ಯಾಂಪ್ ಹಾಕಿಬಿಟ್ರೆ ಅಲುಗಾಡಲ್ಲ ಅಲ್ವಾ?

ಅಲುಗಾಡದೇ ಇರಲು ಎಷ್ಟು ಬಲ ಬೇಕು ಅಂತ ನೋಡಿ. ಆ ನಾಲ್ಕಿಂಚಿನ ಪೈಪಿನ ಲೋಹದ ಅಡ್ಡಕೊಯ್ತ ಸುಮಾರು 2,050 ಚದರ ಮಿ.ಮೀ. ಮಾಮೂಲಿ ಉಕ್ಕು ಯೀಲ್ಡ್ ಆಗುವುದು, ಅಂದರೆ ಮತ್ತೆ ಮೊದಲಿನ ಆಕಾರಕ್ಕೆ ಬಾರದಷ್ಟು ಮಣಿಯುವುದು, 240 ಎಂಪಿಎ ಹತ್ತಿರ. ಅಲ್ಲಿಗೆ ಪೈಪು ತನ್ನ ಆಂಕರನ್ನು ಸುಮಾರು 50 ಟನ್ ಬಲದಿಂದ ನೂಕುತ್ತದೆ. ಯಾವ ಇಟ್ಟಿಗೆ ಗೋಡೆ, ಯಾವ ಪಂಪಿನ ನಾಝಲ್ (ಪೈಪು ಸೇರುವ ಬಾಯಿ) ಅದನ್ನು ತಡೆದೀತು? ಪೈಪು ಬಿಲ್ಲಿನ ಹಾಗೆ ಬಾಗುತ್ತದೆ, ಫ್ಲೇಂಜ್ ಸೋರುತ್ತದೆ, ಇಲ್ಲವೇ ಆಂಕರ್ ಬೋಲ್ಟ್ ಕಿತ್ತು ಬರುತ್ತದೆ. ಬಿಸಿ ಪೈಪನ್ನು ಗಟ್ಟಿಯಾಗಿ ಹಿಡಿಯುವುದಲ್ಲ, ಅದಕ್ಕೆ ಜಾಗ ಕೊಡುವುದು ನಮ್ಮ ಕೆಲಸ.

ಜಾಗ ಕೊಡೋದು ಅಂದ್ರೆ ಲೂಪ್ ಹಾಕೋದು. ಎಷ್ಟು ದೊಡ್ಡದು ಹಾಕ್ಬೇಕು?

ಲೂಪ್ ಅಂದರೆ ಪೈಪನ್ನು ಪಕ್ಕಕ್ಕೆ ತಿರುಗಿಸಿ ಯು ಆಕಾರದಲ್ಲಿ ವಾಪಸ್ ತರುವುದು. ಅದರಲ್ಲಿ ಪಕ್ಕಕ್ಕೆ ಬಾಗುವ ಕಾಲಿನ ಉದ್ದವೇ ಮುಖ್ಯ. ಒರಟು ಲೆಕ್ಕಕ್ಕೆ ಹೀಗೆ ಮಾಡಿ: ಮೂರು, ಉಕ್ಕಿನ ಬಿಗುವು, ಹೊರವ್ಯಾಸ, ನುಂಗಬೇಕಾದ ಹಿಗ್ಗುವಿಕೆ, ಇವನ್ನೆಲ್ಲ ಗುಣಿಸಿ. ಅನುಮತಿಸಿದ ಸ್ಟ್ರೆಸ್‌ನಿಂದ ಭಾಗಿಸಿ. ಅದರ ವರ್ಗಮೂಲವೇ ಕಾಲಿನ ಉದ್ದ. ನಮ್ಮ ನಾಲ್ಕಿಂಚಿನ ಪೈಪು, 25 ಮಿ.ಮೀ. ಹಿಗ್ಗುವಿಕೆ, 140 ಎಂಪಿಎ ಹಾಕಿದರೆ 3.5 ಮೀಟರ್ ಬರುತ್ತದೆ. ಲೈನು ಎಲ್ಲಾದರೂ ತಾನಾಗಿಯೇ ಎಲ್ ಆಕಾರದಲ್ಲಿ ತಿರುಗುತ್ತಿದ್ದರೆ, ಆ ತಿರುವಿನ ಕಾಲು ಇಷ್ಟುದ್ದ ಇದ್ದರೆ ಬೇರೆ ಲೂಪೇ ಬೇಡ. ಬಹಳ ಸಲ ತಪ್ಪಾಗುವುದು ಎಲ್ಲಿ ಅಂದರೆ, ತಿರುವಿನ ಪಕ್ಕದಲ್ಲೇ ಯಾರೋ ಒಂದು ಯು-ಕ್ಲ್ಯಾಂಪ್ ಬಿಗಿದಿರುತ್ತಾರೆ. ಬಾಗಬೇಕಾದ ಮೂರೂವರೆ ಮೀಟರ್ ಅರ್ಧ ಮೀಟರ್ ಆಗಿಬಿಡುತ್ತದೆ.

ಲೂಪಿಗೆ ಜಾಗ ಇಲ್ಲ. ಬೆಲ್ಲೋಸ್ ಹಾಕಿಬಿಡ್ಲಾ?

ಬೇರೆ ದಾರಿ ಇದ್ದರೆ ಬೇಡ. ಬೆಲ್ಲೋಸ್, ಅಂದರೆ ಸುಕ್ಕುಸುಕ್ಕಾದ ತೆಳು ಲೋಹದ ತುಂಡು, ಹಿಗ್ಗುವಿಕೆ ನುಂಗುತ್ತದೆ, ನಿಜ. ಆದರೆ ಅದು ಇದ್ದ ಕಡೆ ಒಳಗಿನ ಪ್ರೆಶರ್ ಪೈಪನ್ನು ಎರಡೂ ಕಡೆಗೆ ತಳ್ಳಲು ಶುರು ಮಾಡುತ್ತದೆ. ಆ ತಳ್ಳುವಿಕೆಗೆ ಆಂಕರ್ ಬೇಕು, ಪೈಪು ಅಡ್ಡ ಹೋಗದಂತೆ ಗೈಡ್ ಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಸಾಕು. ಅಲ್ಲಿನ ರಾಸಾಯನಿಕ ಕಾರ್ಖಾನೆಯಲ್ಲಿ ಒಂದು ರಿಯಾಕ್ಟರನ್ನು ತೆಗೆದು, ಅದರ ಜಾಗಕ್ಕೆ 20 ಇಂಚಿನ ತಾತ್ಕಾಲಿಕ ಪೈಪು ಹಾಕಿದರು. ಎರಡು ತುದಿಗೂ ಬೆಲ್ಲೋಸ್, ನಡುವೆ ಸೊಟ್ಟ ಪೈಪು. ಕೆಳಗೆ ಸ್ಕ್ಯಾಫೋಲ್ಡಿಂಗ್ ಆಸರೆ ಬಿಟ್ಟರೆ ಸರಿಯಾದ ಗೈಡ್ ಇರಲಿಲ್ಲ. ಆ ಪೈಪಿಗೆ ಸರಿಯಾದ ಸ್ಟ್ರೆಸ್ ಲೆಕ್ಕವನ್ನೂ ಮಾಡಿರಲಿಲ್ಲ. 1974ರ ಜೂನ್ 1ರಂದು ಅದು ಕಿತ್ತುಹೋಗಿ ಸ್ಫೋಟ ಆಯಿತು. 28 ಜನ ಸತ್ತರು. ತಾತ್ಕಾಲಿಕ ಪೈಪು ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಇದೇ.

ನಮ್ಮ ಡೈರಿ ಪೈಪಿನ ಮೇಲೆ ಅಲ್ಯುಮಿನಿಯಂ ಶೀಟ್ ಇದೆ. ಅದನ್ನೂ ಕ್ಲ್ಯಾಡಿಂಗ್ ಅಂತಾರೆ. ಅದರ ಸ್ಟ್ರೆಸ್ ನೋಡ್ಬೇಕಾ?

ಬೇಡ. ಅದು ಲ್ಯಾಗಿಂಗ್ ಉಣ್ಣೆಗೆ (ಶಾಖ ಹೊರಹೋಗದಂತೆ ಪೈಪಿಗೆ ಸುತ್ತಿದ ಪದರ) ಹಾಕಿದ ಹೊದಿಕೆ. ಪೈಪಿಗೆ ಅಂಟಿಲ್ಲ, ಭಾರ ಹೊರುವುದೂ ಇಲ್ಲ. ಲೆಕ್ಕದಲ್ಲಿ ಅದರ ಮತ್ತು ಉಣ್ಣೆಯ ತೂಕ ಸೇರಿಸಿದರೆ ಆಯಿತು.

ಆದರೆ ಮಲೆನಾಡಿನಲ್ಲಿ ಆ ಶೀಟಿಗೆ ಬೇರೆ ಕೆಲಸ ಇದೆ: ಮಳೆ ತಡೆಯುವುದು. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡುವುದಿಲ್ಲ. ಶೀಟಿನ ಜೋಡಣೆ ಮೇಲ್ಮುಖವಾಗಿದ್ದರೆ ನೀರು ಒಳಗೆ ಇಳಿದು ಉಣ್ಣೆ ನೆನೆಯುತ್ತದೆ. ಮಾಮೂಲಿ ಉಕ್ಕಿಗೆ ಸುಮಾರು 50ರಿಂದ 175 ಡಿಗ್ರಿ ನಡುವಿನ ತಾಪದಲ್ಲಿ ಈ ಒದ್ದೆ ಉಣ್ಣೆ ಬಹಳ ಕೆಟ್ಟದ್ದು. ಹೊರಗೆ ಶೀಟ್ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಗೋಡೆ ತಿಂದುಹೋಗಿರುತ್ತದೆ. ಜೋಡಣೆಯ ಬಾಯಿ ಕೆಳಮುಖವಾಗಿರಲಿ. ಶೂ ಹೊರಗೆ ಬರುವ ಜಾಗದಲ್ಲಿ ಸೀಲ್ ಇರಲಿ. ಮಳೆಗಾಲ ಮುಗಿದ ಮೇಲೆ ತಗ್ಗಿನ ಜಾಗಗಳಲ್ಲಿ ಶೀಟ್ ಬಿಚ್ಚಿ ನೋಡಿ.

ಯಾವ ಸ್ಟೀಮ್ ಪೈಪು ಐಬಿಆರ್ ಕೆಳಗೆ ಬರುತ್ತೆ?

ಐಬಿಆರ್ ಅಂದರೆ ಭಾರತೀಯ ಬಾಯ್ಲರ್ ನಿಯಮಾವಳಿ. ಒಳಗಿನ ಸ್ಟೀಮ್ ಪ್ರೆಶರ್ ಚದರ ಸೆಂ.ಮೀ.ಗೆ 3.5 ಕೆ.ಜಿ. ಮೀರಿದರೆ ಬರುತ್ತದೆ. ಒಳವ್ಯಾಸ 254 ಮಿ.ಮೀ. ಮೀರಿದ ಪೈಪಾದರೆ 1 ಕೆ.ಜಿ. ಮೀರಿದರೂ ಸಾಕು. ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯದ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್ ಇಷ್ಟುದ್ದ ಇದೆ. ಅದಕ್ಕೆ ಲೂಪೇ ಇಲ್ವಲ್ಲ?

ಅದು ಪೆಟ್ರೋಲ್, ಡೀಸೆಲ್ ಸಾಗಿಸುವ ನೆಲದೊಳಗಿನ ಪೈಪು. ಘಟ್ಟ ಹತ್ತಿ ಹಾಸನ ಮುಟ್ಟಿ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಸುತ್ತಲಿನ ಮಣ್ಣು ಅದನ್ನು ಉದ್ದಕ್ಕೂ ಹಿಡಿದಿರುತ್ತದೆ. ತಾಪ ಏರಿಳಿಯುವುದು ಕಡಿಮೆ. 20 ಡಿಗ್ರಿ ಏರಿದರೆ 48 ಎಂಪಿಎ, ಅಷ್ಟನ್ನು ಪೈಪು ಆರಾಮಾಗಿ ತಡೆದುಕೊಳ್ಳುತ್ತದೆ. ಅಂಥ ಪೈಪಿಗೆ ಕೋಡ್ ಕೂಡ ಬೇರೆ.

## ಎರಡು ಲೋಹ ಸೇರಿದಾಗ

ಪೈಪಿನ ಒಳಗೆ ಬೇರೆ ಲೋಹದ ಪದರ ಯಾಕೆ? ಪೂರ್ತಿ ಸ್ಟೇನ್‌ಲೆಸ್ ಹಾಕ್ಬೋದಲ್ವಾ?

ದುಡ್ಡಿನ ಮಾತು ಒಂದು. ಗೋಡೆ ದಪ್ಪ ಆದಷ್ಟೂ ಪೂರ್ತಿ ಸ್ಟೇನ್‌ಲೆಸ್ ಅಥವಾ ನಿಕಲ್ ಮಿಶ್ರಲೋಹ ಕೈಗೆ ಎಟಕುವುದಿಲ್ಲ. ಹೊರಗಿನ ಉಕ್ಕು ಭಾರ ಹೊರಲಿ, ಒಳಗಿನ 3 ಮಿ.ಮೀ. ತುಕ್ಕು ತಡೆಯಲಿ ಅನ್ನುವುದು ಕ್ಲ್ಯಾಡ್ ಪೈಪಿನ ಹಿಂದಿನ ಯೋಚನೆ. ರಿಫೈನರಿಗಳಲ್ಲಿ ಸುಮಾರು 260 ಡಿಗ್ರಿ ದಾಟಿದರೆ ಗಂಧಕದ ಸಂಯುಕ್ತಗಳು ಮಾಮೂಲಿ ಉಕ್ಕನ್ನು ತಿನ್ನಲು ಶುರು ಮಾಡುತ್ತವೆ. ಕೆಲವು ಕಚ್ಚಾ ತೈಲದಲ್ಲಿರುವ ನ್ಯಾಫ್ತೆನಿಕ್ ಆಮ್ಲ 220ರಿಂದ 400 ಡಿಗ್ರಿ ನಡುವೆ ಇನ್ನೂ ಜೋರು. ಅಮೆರಿಕದ ಕೆಲವು ಅಣು ಸ್ಥಾವರಗಳಲ್ಲಿ ಮುಖ್ಯ ನೀರಿನ ಪೈಪು ಕೂಡ ಒಳಗೆ ಸ್ಟೇನ್‌ಲೆಸ್ ಪದರ ಇರುವ ಉಕ್ಕೇ.

ಪದರ ಕೂರಿಸುವ ರೀತಿ ನಾಲ್ಕು. ಎರಡು ತಟ್ಟೆ ಸೇರಿಸಿ ಬಿಸಿಯಲ್ಲಿ ರೋಲ್ ಮಾಡುವುದು, ಸ್ಫೋಟಕ ಸಿಡಿಸಿ ಬೆಸೆಯುವುದು, ಒಳಗೆಲ್ಲ ವೆಲ್ಡ್ ಸುರಿಯುವುದು, ತೆಳು ಪೈಪನ್ನು ಒಳಗೆ ತೂರಿಸಿ ಹಿಗ್ಗಿಸಿ ಕೂರಿಸುವುದು. ಮೊದಲ ಮೂರರಲ್ಲಿ ಲೋಹ ಲೋಹಕ್ಕೆ ಬೆಸೆದುಕೊಳ್ಳುತ್ತದೆ. ನಾಲ್ಕನೆಯದು ಬರೀ ಬಿಗಿಯಾಗಿ ಕೂತಿರುತ್ತದೆ. ಅದಕ್ಕೆ ಲೈನ್ಡ್ ಪೈಪು ಅನ್ನುತ್ತಾರೆ. ತಾಪ ಜಾಸ್ತಿ ಇದ್ದರೆ, ಪ್ರೆಶರ್ ಹಠಾತ್ತಾಗಿ ಬಿದ್ದರೆ, ಒಳಪದರ ಸುಕ್ಕಾಗಿ ಒಳಕ್ಕೆ ಬಾಗುವ ಭಯ ಇದೆ. ಬಿಸಿ ಏರಿಳಿಯುವ ಲೈನಿಗೆ ಅದನ್ನು ಹಾಕಲು ನಾನು ಒಪ್ಪುವುದಿಲ್ಲ.

ಲೈನಿಗೆ ಬೇಕಾದಷ್ಟು ಲೂಪ್ ಕೊಟ್ಟಿದ್ದೀವಿ. ಆಮೇಲೂ ಕ್ಲ್ಯಾಡ್‌ಗೆ ಸ್ಟ್ರೆಸ್ ಯಾಕೆ ಬರುತ್ತೆ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಇಲ್ಲಿ ಎರಡು ಸಮಸ್ಯೆ ಇವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಮೊದಲನೆಯದು ಲೈನು ಮತ್ತು ಆಂಕರಿನ ಜಗಳ, ಅದಕ್ಕೆ ಲೂಪ್. ಎರಡನೆಯದು ಗೋಡೆಯೊಳಗೆ ಎರಡು ಲೋಹಗಳ ನಡುವಿನ ಜಗಳ. ಪೈಪನ್ನು ಎಲ್ಲಿಯೂ ಹಿಡಿಯದೆ ಗಾಳಿಯಲ್ಲಿ ತೂಗುಬಿಟ್ಟರೂ ಈ ಜಗಳ ಇದ್ದೇ ಇರುತ್ತದೆ. ಹಳೆಯ ಇಸ್ತ್ರಿಪೆಟ್ಟಿಗೆಯೊಳಗಿನ ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿ ಸ್ವಿಚ್ ಆರಿಸುತ್ತದಲ್ಲ, ಕಾರಣ ಅದೇ. ಪೈಪು ದುಂಡಗಿರುವುದರಿಂದ ಬಾಗಲು ಆಗುವುದಿಲ್ಲ, ಎಲ್ಲವೂ ಸ್ಟ್ರೆಸ್ ಆಗಿ ಒಳಗೇ ಉಳಿಯುತ್ತದೆ.

ಲೆಕ್ಕ ಮಾಡೋಣ. ಹೊರಗೆ 12.7 ಮಿ.ಮೀ. ಉಕ್ಕು, ಒಳಗೆ 3 ಮಿ.ಮೀ. ಸ್ಟೇನ್‌ಲೆಸ್. 20 ಡಿಗ್ರಿಯಿಂದ 320ಕ್ಕೆ ಏರಿತು. ಈ ವ್ಯಾಪ್ತಿಯಲ್ಲಿ ಉಕ್ಕು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸರಾಸರಿ 13 ಭಾಗ ಹಿಗ್ಗಿದರೆ ಸ್ಟೇನ್‌ಲೆಸ್ 18. ವ್ಯತ್ಯಾಸ 5. 300 ಡಿಗ್ರಿಗೆ ಅದು 0.0015 ಆಯಿತು. ಬಿಸಿಯಲ್ಲಿ ಬಿಗುವು ಸುಮಾರು 1.8 ಲಕ್ಷ ಎಂಪಿಎ. ಉದ್ದಕ್ಕೂ ಸುತ್ತಲೂ ಎರಡೂ ಕಡೆ ಹಿಡಿತ ಇರುವುದರಿಂದ 0.7ರಿಂದ ಭಾಗಿಸಬೇಕು. 386 ಬರುತ್ತದೆ. ಎರಡೂ ಪದರ ದಪ್ಪಕ್ಕೆ ತಕ್ಕಂತೆ ಹಂಚಿಕೊಂಡರೆ ಕ್ಲ್ಯಾಡ್‌ನಲ್ಲಿ ಸುಮಾರು 312 ಎಂಪಿಎ ಒತ್ತಡ (ಹಿಸುಕುವ ಸ್ಟ್ರೆಸ್), ಉಕ್ಕಿನಲ್ಲಿ 74 ಎಂಪಿಎ ಎಳೆತ. 304 ದರ್ಜೆಯ ಸ್ಟೇನ್‌ಲೆಸ್ ಆ ಬಿಸಿಯಲ್ಲಿ ಸುಮಾರು 130ಕ್ಕೇ ಯೀಲ್ಡ್ ಆಗುತ್ತದೆ. ಅಂದರೆ ಮೊದಲ ಸಲ ಬಿಸಿ ಮಾಡಿದಾಗಲೇ ಕ್ಲ್ಯಾಡ್ ಯೀಲ್ಡ್ ಆಗಿರುತ್ತದೆ.

ಯೀಲ್ಡ್ ಆದ್ಮೇಲೆ ಪದರ ಕಿತ್ಕೊಂಡು ಬರಲ್ವಾ?

ಸಾಮಾನ್ಯವಾಗಿ ಬರುವುದಿಲ್ಲ. ಈ ಸ್ಟ್ರೆಸ್ ಹೊರಗಿನ ಭಾರದಿಂದ ಬಂದದ್ದಲ್ಲ. ಲೋಹ ಒಂದಿಷ್ಟು ಹೊಂದಿಕೊಂಡರೆ ಅಲ್ಲಿಗೆ ನಿಲ್ಲುತ್ತದೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸಿ. ಬಿಸಿಯಲ್ಲಿ ಕ್ಲ್ಯಾಡ್ 130 ಒತ್ತಡದಲ್ಲಿ ನಿಂತಿತು. ತಣ್ಣಗಾಗುವಾಗ 312ರಷ್ಟು ಎಳೆತದ ಕಡೆಗೆ ಹೋಗುತ್ತದೆ, ಅಂದರೆ 182 ಎಳೆತ. ತಣ್ಣಗಿನ ಸ್ಟೇನ್‌ಲೆಸ್‌ನ ಕನಿಷ್ಠ ಯೀಲ್ಡ್ 205. ದಾಟಲಿಲ್ಲ. ಮುಂದಿನ ಸಲ ಬಿಸಿಯಾದರೆ ವಾಪಸ್ 130 ಒತ್ತಡಕ್ಕೆ. ಇನ್ನು ಮೇಲೆ ಅದು ಯೀಲ್ಡ್ ಆಗದೆ ಅತ್ತಿತ್ತ ಹೋಗಿ ಬರುತ್ತದೆ. ಇದಕ್ಕೆ ಷೇಕ್‌ಡೌನ್ ಅನ್ನುತ್ತಾರೆ.

ಆದ್ದರಿಂದ ನೋಡಬೇಕಾದದ್ದು ಗರಿಷ್ಠ ಸ್ಟ್ರೆಸ್ ಅಲ್ಲ, ಅತ್ತಿಂದಿತ್ತ ಓಡಾಡುವ ವ್ಯಾಪ್ತಿ. ಅದು ಬಿಸಿ ಯೀಲ್ಡ್ ಮತ್ತು ತಣ್ಣನೆ ಯೀಲ್ಡ್ ಕೂಡಿದ್ದಕ್ಕಿಂತ ಕಡಿಮೆ ಇರಬೇಕು. ಇಲ್ಲಿ 312ಕ್ಕೆ 335. ತೀರಾ ಹತ್ತಿರ. ಇದೇ ಪೈಪನ್ನು 400 ಡಿಗ್ರಿಗೆ ಏರಿಸಿದರೆ ಪ್ರತಿ ಸಲವೂ ಯೀಲ್ಡ್ ಆಗುತ್ತದೆ. ಆಗ ಎಷ್ಟು ಸಲ ಏರಿಳಿಸಬಹುದು ಅನ್ನುವ ಲೆಕ್ಕ ಶುರು.

ಬಿಸಿ ಇದ್ದಾಗ ಚೆನ್ನಾಗೇ ಇತ್ತು. ಪ್ಲಾಂಟ್ ನಿಲ್ಲಿಸಿ ತೆಗೆದ್ರೆ ಬಿರುಕು. ಯಾಕೆ ಹಾಗೆ?

ಮೇಲಿನ ಲೆಕ್ಕದಲ್ಲೇ ಉತ್ತರ ಇದೆ: ಕ್ಲ್ಯಾಡ್ ಎಳೆತದಲ್ಲಿರುವುದು ತಣ್ಣಗಿದ್ದಾಗ. ವೆಲ್ಡ್ ಸುರಿದು, 600 ಡಿಗ್ರಿ ಮೀರಿದ ಶಾಖದಲ್ಲಿ ಇಟ್ಟು ತಣಿಸಿದ ಪದರಕ್ಕೂ ಅದೇ ಗತಿ. ಬಿರುಕಿಗೆ ಬೇಕಾದದ್ದು ಎಳೆತ, ಜೊತೆಗೊಂದು ಕೆಟ್ಟ ರಾಸಾಯನಿಕ. ರಿಫೈನರಿಯಲ್ಲಿ ಕೆಲಸ ನಡೆಯುವಾಗ ಒಳಗೆ ಸಲ್ಫೈಡ್ ಪೊರೆ ಕೂತಿರುತ್ತದೆ. ನಿಲ್ಲಿಸಿ ಬಾಯಿ ತೆರೆದಾಗ ಗಾಳಿ, ತೇವ ಸೇರಿ ಪಾಲಿಥಯೋನಿಕ್ ಆಮ್ಲ ಆಗುತ್ತದೆ. ಎಳೆತ ಜಾಸ್ತಿ ಇರುವ ಗಳಿಗೆಯಲ್ಲೇ ಆಮ್ಲವೂ ಬರುತ್ತದೆ. ಅದಕ್ಕೇ ತೆರೆಯುವ ಮುಂಚೆ ಸೋಡಾ ಆಶ್ ದ್ರಾವಣದಲ್ಲಿ ತೊಳೆಯುತ್ತಾರೆ. 321, 347ರಂಥ ಸ್ಟೇನ್‌ಲೆಸ್ ದರ್ಜೆಗಳನ್ನು ಆರಿಸುವುದೂ ಅದಕ್ಕೇ.

ಹೈಡ್ರೋಜನ್ ಇರುವ ಲೈನಿನಲ್ಲಿ ಇನ್ನೊಂದು ಅಪಾಯ. ಬಿಸಿಯಲ್ಲಿ ಲೋಹದೊಳಗೆ ಕರಗಿದ ಹೈಡ್ರೋಜನ್ ಬೇಗ ತಣಿಸಿದರೆ ಹೊರಗೆ ಹೋಗಲು ಸಮಯ ಸಿಗದೆ ಎರಡು ಲೋಹದ ಗಡಿಯಲ್ಲಿ ಗುಂಪುಗೂಡುತ್ತದೆ, ಪದರ ಬಿಟ್ಟುಕೊಳ್ಳುತ್ತದೆ. ನಿಧಾನವಾಗಿ ತಣಿಸಿ ಅನ್ನುವ ಸೂಚನೆಯನ್ನು ಶಿಫ್ಟ್ ಮುಗಿಸುವ ಅವಸರದಲ್ಲಿ ಮೀರಬೇಡಿ.

## ಕೋಡ್ ಮತ್ತು ಲೆಕ್ಕ

ಪ್ರೆಶರ್ ಲೆಕ್ಕಕ್ಕೆ ಕ್ಲ್ಯಾಡ್ ದಪ್ಪ ಸೇರಿಸ್ಬೋದಾ?

ಅಮೆರಿಕದ ಪೈಪು ಕೋಡ್ ಎಎಸ್‌ಎಂಇ ಬಿ31.3 ಪ್ರಕಾರ, ಎಎಸ್‌ಟಿಎಂ ಎ263, ಎ264, ಎ265 ಮಾನಕಗಳ ಕ್ಲ್ಯಾಡ್ ತಟ್ಟೆಯಿಂದ ಮಾಡಿದ ಪೈಪಿಗೆ ಷರತ್ತುಗಳ ಮೇಲೆ ಸೇರಿಸಬಹುದು. ಆ ತಟ್ಟೆಗಳಲ್ಲಿ ಪದರದ ಬೆಸುಗೆ ಕನಿಷ್ಠ 140 ಎಂಪಿಎ ಕತ್ತರಿ ಬಲ (ಪದರವನ್ನು ಪಕ್ಕಕ್ಕೆ ಜಾರಿಸುವ ಬಲ) ತಡೆಯಬೇಕು. ಉಳಿದ ಬಗೆಯ ಕ್ಲ್ಯಾಡ್, ಲೈನಿಂಗ್‌ಗಳಿಗೆ ಹೊರಗಿನ ಉಕ್ಕಿನ ದಪ್ಪ ಮಾತ್ರ. ಸೇರಿಸಲು ಅನುಮತಿ ಇದ್ದಾಗಲೂ ನಾನು ಸೇರಿಸದೇ ಇರುವುದೇ ಜಾಸ್ತಿ. ತುಕ್ಕು ತಡೆಯಲು ಹಾಕಿದ ಪದರ ಸವೆಯಲಿಕ್ಕೇ ಇರುವುದು.

ಸಾಫ್ಟ್‌ವೇರ್‌ನಲ್ಲಿ ಕ್ಲ್ಯಾಡ್ ಪೈಪನ್ನು ಹೇಗೆ ತೋರಿಸ್ಬೇಕು?

ಸೀಸರ್, ಆಟೋಪೈಪ್‌ನಂಥ ತಂತ್ರಾಂಶಗಳು ಪೈಪನ್ನು ಒಂದು ಗೆರೆಯಾಗಿ ನೋಡುತ್ತವೆ. ಗೋಡೆಯೊಳಗಿನ ಜಗಳ ಆ ಮಾದರಿಗೆ ಕಾಣುವುದೇ ಇಲ್ಲ. ವರದಿಯಲ್ಲಿ ಎಲ್ಲ ಹಸಿರು ಬಂತು ಅಂತ ಕ್ಲ್ಯಾಡ್ ಕ್ಷೇಮ ಅಂದುಕೊಳ್ಳಬೇಡಿ. ಮೇಲಿನ ಕೈಲೆಕ್ಕ ಪ್ರತ್ಯೇಕವಾಗಿ ಮಾಡಲೇಬೇಕು.

ಗೆರೆ ಮಾದರಿಗೆ ಕೊಡಬೇಕಾದದ್ದು ಮೂರು: ಎರಡೂ ಪದರದ ತೂಕ, ಎರಡರ ಒಟ್ಟು ಬಿಗುವು, ಎರಡರ ಸರಾಸರಿ ಹಿಗ್ಗುವಿಕೆ. ಕೊನೆಯದನ್ನು ಮರೆಯುತ್ತಾರೆ. ನಮ್ಮ ಪೈಪಿಗೆ ಅಡ್ಡಕೊಯ್ತಕ್ಕೆ ತಕ್ಕಂತೆ ಸರಾಸರಿ ತೆಗೆದರೆ 13ರ ಬದಲು ಸುಮಾರು 13.9 ಬರುತ್ತದೆ. 20 ಮೀಟರ್ ಲೈನು 78 ಮಿ.ಮೀ. ಹಿಗ್ಗುವ ಬದಲು 83 ಹಿಗ್ಗುತ್ತದೆ. ಪಂಪಿನ ನಾಝಲ್ ಮೇಲಿನ ಬಲವೂ ಶೇ. 7ರಷ್ಟು ಏರುತ್ತದೆ. ಪಂಪಿನವರು ಕೊಟ್ಟ ಮಿತಿಗೆ ಮೊದಲೇ ಹತ್ತಿರ ಇದ್ದರೆ ಅಷ್ಟೇ ಸಾಕು ದಾಟಲು. ಕ್ಲ್ಯಾಡ್ ಯೀಲ್ಡ್ ಆದ ಮೇಲೆ ಅದರ ಎಳೆದಾಟ ಕಡಿಮೆಯಾಗುತ್ತದೆ, ಹಾಗಾಗಿ ಇದು ಸುರಕ್ಷಿತ ಕಡೆಯ ಅಂಕಿ.

7,000 ಸಲ ಅನ್ನೋ ಮಾತು ಕೋಡಿನಲ್ಲಿ ಎಲ್ಲಿಂದ ಬಂತು?

ಎ.ಆರ್.ಸಿ. ಮಾರ್ಕ್ಲ್ 1940–50ರ ದಶಕಗಳಲ್ಲಿ ನಿಜವಾದ ಪೈಪು, ಬೆಂಡ್, ಟೀಗಳನ್ನು ಸೋರುವವರೆಗೆ ಅತ್ತಿತ್ತ ಬಾಗಿಸಿ ನೋಡಿದರು. ಇವತ್ತಿನ ಕೋಡಿನ ಬೇರು ಅಲ್ಲಿದೆ. ಹಿಗ್ಗುವಿಕೆಯಿಂದ ಬರುವ ಸ್ಟ್ರೆಸ್ ವ್ಯಾಪ್ತಿಗೆ ಮಿತಿ: ತಣ್ಣಗಿದ್ದಾಗ ಅನುಮತಿಸಿದ ಸ್ಟ್ರೆಸ್‌ನ 1.25 ಪಟ್ಟು, ಜೊತೆಗೆ ಬಿಸಿಯಲ್ಲಿ ಅನುಮತಿಸಿದ್ದರ 0.25 ಪಟ್ಟು. ಎ106 ಬಿ ದರ್ಜೆಯ ಪೈಪಿಗೆ 185 ಡಿಗ್ರಿಯಲ್ಲಿ ಎರಡೂ 138, ಹಾಗಾಗಿ 207 ಎಂಪಿಎ. ಸುಮಾರು 7,000 ಸಲ ಏರಿಳಿಯುವವರೆಗೆ ಈ ಮಿತಿ ಪೂರ್ತಿ ಸಿಗುತ್ತದೆ. ದಿನಕ್ಕೊಮ್ಮೆ ಹಚ್ಚಿ ಆರಿಸುವ ಬಾಯ್ಲರ್ 20 ವರ್ಷಕ್ಕೆ 7,300 ಸಲ ಆಗುತ್ತದೆ. ದಿನಕ್ಕೆರಡು ಸಲವಾದರೆ 14,600, ಆಗ ಮಿತಿಯನ್ನು 0.88ರಿಂದ ಗುಣಿಸಿ ಇಳಿಸಬೇಕು. ಎರಡು ಶಿಫ್ಟ್ ನಡುವೆ ಬಾಯ್ಲರ್ ಆರಿಸುವ ಸಣ್ಣ ಘಟಕಗಳವರು ಇದನ್ನು ಎಣಿಸುವುದೇ ಇಲ್ಲ.

ಎರಡು ಕ್ಲ್ಯಾಡ್ ಪೈಪ್ ಸೇರಿಸೋ ವೆಲ್ಡ್‌ಗೆ ಯಾಕೆ 625 ಕಡ್ಡಿ ಕೇಳ್ತಾರೆ?

625 ನಿಕಲ್ ಮಿಶ್ರಲೋಹದ ಹಿಗ್ಗುವಿಕೆ ಸುಮಾರು 13, ಅಂದರೆ ಉಕ್ಕಿಗೆ ಹತ್ತಿರ. ಉಕ್ಕು, ಸ್ಟೇನ್‌ಲೆಸ್ ಎರಡರ ಜೊತೆಗೂ ಒಗ್ಗುತ್ತದೆ. ಒಳಗೆ ಒಮ್ಮೆ ಸ್ಟೇನ್‌ಲೆಸ್ ತುಂಬಿ ಅದರ ಮೇಲೆ ಮಾಮೂಲಿ ಉಕ್ಕಿನ ಕಡ್ಡಿ ಓಡಿಸಿದರೆ ಬೆರಕೆಯಿಂದ ಗಡಸಾಗಿ ಬಿರುಕು ಬಿಡುತ್ತದೆ. ಅದಕ್ಕೆ ಇಡೀ ಕೀಲನ್ನೇ 625ರಲ್ಲಿ ತುಂಬುತ್ತಾರೆ.

400 ಡಿಗ್ರಿ ದಾಟಿದ್ರೂ ಇದೇ ಲೆಕ್ಕ ನಡೆಯುತ್ತಾ?

ನಡೆಯುವುದಿಲ್ಲ. ಮಾಮೂಲಿ ಉಕ್ಕು ಸುಮಾರು 370 ಡಿಗ್ರಿ ದಾಟಿದರೆ ಕ್ರೀಪ್ ಶುರು, ಭಾರ ಅಷ್ಟೇ ಇದ್ದರೂ ಕಾಲ ಕಳೆದಂತೆ ಹಿಗ್ಗುತ್ತಾ ಹೋಗುತ್ತದೆ. 425 ದಾಟಿ ಬಹುಕಾಲ ಇದ್ದರೆ ಅದರ ಇಂಗಾಲ ಗ್ರಾಫೈಟ್ ಆಗಿ ಬೇರ್ಪಡುತ್ತದೆ. ಅದಕ್ಕೇ ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿಗೆ ಹೋಗುವುದು. ತಾಪ ಮತ್ತು ಗಂಟೆಗಳನ್ನು ಒಂದೇ ಅಂಕಿಯಲ್ಲಿ ಹಿಡಿಯುವ ಲಾರ್ಸನ್-ಮಿಲ್ಲರ್ ವಿಧಾನ 1952ರದ್ದು, ಇವತ್ತಿಗೂ ಬಳಕೆಯಲ್ಲಿದೆ.

ಕ್ರೀಪ್ ಇರುವಲ್ಲಿ ಹಿಗ್ಗುವಿಕೆಯ ಸ್ಟ್ರೆಸ್ ಬಿಸಿಯಲ್ಲೇ ನಿಧಾನಕ್ಕೆ ಕರಗುತ್ತದೆ. ಕೇಳಲು ಚೆಂದ, ಆದರೆ ಕರಗಿದಷ್ಟು ತಣ್ಣಗಾದಾಗ ತಿರುವುಮುರುವಾಗಿ ಬರುತ್ತದೆ. ಇನ್ನೊಂದು ಅಪಾಯ: ಇಡೀ ಲೈನಿನಲ್ಲಿ ಒಂದೇ ಕಡೆ ತೆಳು ಗೋಡೆಯೋ ಬಿಗಿ ಬೆಂಡೋ ಇದ್ದರೆ, ಮಿಕ್ಕ ಪೈಪಿನಲ್ಲಿ ಕೂಡಿಟ್ಟ ಬಾಗುವಿಕೆಯೆಲ್ಲ ಆ ಬಡಪಾಯಿ ಜಾಗದ ಮೇಲೆ ಬಂದು ಬೀಳುತ್ತದೆ.

ಫೈನಲ್ ಇಯರ್ ಮೆಕ್ಯಾನಿಕಲ್. ಇದರಲ್ಲಿ ಪ್ರಾಜೆಕ್ಟ್ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಇಡೀ ಲೈನು ಹಿಡಿಯಬೇಡಿ. ಕ್ಲ್ಯಾಡ್ ಪೈಪಿನ ಒಂದು ತುಂಡು ಸಾಕು. ಫೈನೈಟ್ ಎಲಿಮೆಂಟ್‌ನಲ್ಲಿ ಅಕ್ಷದ ಸುತ್ತ ಸಮ ಇರುವ ಸರಳ ಮಾದರಿ ಮಾಡಿ, 20ರಿಂದ 320ಕ್ಕೆ ಏರಿಸಿ. ಮೊದಲು ಯೀಲ್ಡ್ ಕೊಡದೆ ಓಡಿಸಿ. ತುಂಡಿನ ನಡುವೆ 312 ಮತ್ತು 74ರ ಆಸುಪಾಸು ಬರಲೇಬೇಕು. ಬರದಿದ್ದರೆ ಮುಂದೆ ಹೋಗಬೇಡಿ, ಇನ್‌ಪುಟ್ ತಪ್ಪಿದೆ. ಆಮೇಲೆ ಯೀಲ್ಡ್ ಕೊಟ್ಟು ಐದಾರು ಸಲ ಏರಿಳಿಸಿ, ಎಷ್ಟನೇ ಸಲಕ್ಕೆ ಹೊಸ ಯೀಲ್ಡ್ ನಿಲ್ಲುತ್ತದೆ ನೋಡಿ. ಬಳಿಕ ತಾಪವನ್ನು 350, 400 ಮಾಡಿ, ಎಲ್ಲಿ ನಿಲ್ಲದೇ ಹೋಗುತ್ತದೆ ಅಂತ ಹುಡುಕಿ.

ಕ್ಲ್ಯಾಡ್ ಮುಗಿಯುವ ಅಂಚಿನಲ್ಲಿ ಕತ್ತರಿ ಸ್ಟ್ರೆಸ್ ಜೋರಾಗಿ ಏರುತ್ತದೆ. ಮೆಶ್ (ಲೆಕ್ಕಕ್ಕಾಗಿ ಮಾದರಿಯನ್ನು ತುಂಡು ಮಾಡಿದ ಬಲೆ) ಸಣ್ಣ ಮಾಡಿದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ. ಗಾಬರಿಯಾಗಬೇಡಿ. ಅದು ಚೂಪು ಮೂಲೆಯ ಗಣಿತದ ಗುಣ. ಅಂಚಿನಿಂದ ಒಂದು ಕ್ಲ್ಯಾಡ್ ದಪ್ಪದಷ್ಟು ದೂರದಲ್ಲಿ ಓದಿ 140ರ ಜೊತೆ ಹೋಲಿಸಿ, ಮತ್ತು ಮೂರು ಬಗೆಯ ಮೆಶ್‌ನ ಅಂಕಿಗಳನ್ನೂ ವರದಿಯಲ್ಲಿ ಹಾಕಿ. ವೈವಾದಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬರುತ್ತದೆ.